ಪದ್ಮಿನಿಯ ಬಾಗಿಲ ಪ್ಯಾಡ್: ರೆಕ್ಸಿನ್‌ಗಿಂತ ಮೊದಲು ನೀರು

ಮುಂಬಯಿಯಲ್ಲಿ ಹಳೆಯ ಕಾರಿನ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ ಹಲಗೆ, ಹಾಳಾಗುವುದು ಎದುರಿನಿಂದಲ್ಲ, ಬೆನ್ನಿನಿಂದ. ಸೀಟಿನಲ್ಲಿ ಕೂತವರ ಕಣ್ಣಿಗೆ ಬೀಳುವುದು ಬಿರುಕು ಬಿಟ್ಟ ರೆಕ್ಸಿನ್, ಮೇಲೆದ್ದ ಅಂಚು, ಕೆಳಮೂಲೆಯ ಉಬ್ಬು. ಆದರೆ ಹಿಂದಿರುವ ಬೋರ್ಡು ಅದಕ್ಕೂ ಎಷ್ಟೋ ಮಳೆಗಾಲ ಮೊದಲೇ ನೀರು ಕುಡಿದು ಮೆತ್ತಗಾಗಿರುತ್ತದೆ. ನನ್ನ 1984ರ ಪ್ರೀಮಿಯರ್ ಪದ್ಮಿನಿಯ ನಾಲ್ಕೂ ಬಾಗಿಲುಗಳ ಪ್ಯಾಡ್ ಹೊಸದಾಗಿ ಮಾಡಿದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ರೆಕ್ಸಿನ್ ಹೊದಿಸುವ ಮಾತು ಕೊನೆಯ ಹೊತ್ತಿಗೆ ಬರುತ್ತದೆ. ಯಾಕೆಂದರೆ ನಿಜವಾದ ಕೆಲಸವೆಲ್ಲ ಅದಕ್ಕೆ ಮುಂಚೆಯೇ ಇದೆ.

ಈ ಗಾಡಿ ಹುಟ್ಟಿದ್ದು ನಮ್ಮ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ. ಫಿಯಾಟ್ 1100 ಡಿಲೈಟ್ ಆಗಿ ಬಂದ ಮಾದರಿಯೇ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ ಆಯಿತು. ಅದೇ 1089 ಸಿಸಿ ಎಂಜಿನ್, ಅದೇ ಮೈಕಟ್ಟು. ಈ ಊರಿನ ಕಪ್ಪು-ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿ ಎಂದರೆ ಪದ್ಮಿನಿಯೇ ಎಂಬಷ್ಟು ಕಾಲ ಓಡಿತು. ಕೊನೆಯದಾಗಿ ನೋಂದಣಿಯಾದ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಅವಧಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಹಾಗಾಗಿ ಕುರ್ಲಾದ ಸಿಎಸ್‌ಟಿ ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಹ್ಯಾಂಡಲ್, ಗಾಜು ಏರಿಸಿ ಇಳಿಸುವ ಗ್ಲಾಸ್ ಮಷಿನ್, ಅಲ್ಯೂಮಿನಿಯಂ ಪಟ್ಟಿ ಸಿಗುತ್ತವೆ. ಪ್ಯಾಡ್ ಕೇಳಿದರೆ ತೋರಿಸುತ್ತಾರೆ, ಆದರೆ ಅದೂ ನಿಮ್ಮದರಷ್ಟೇ ಕೊಳೆತಿರುತ್ತದೆ. ಅದೂ ಇದೇ ಮಳೆ ತಿಂದ ಗಾಡಿಯದು. ಆದ್ದರಿಂದ ಪ್ಯಾಡ್ ಕೊಳ್ಳುವ ಆಸೆ ಬಿಟ್ಟು ಮಾಡಿಕೊಳ್ಳುವುದೇ ದಾರಿ.

ಬಿಚ್ಚುವಾಗ

ಗ್ಲಾಸ್ ಇಳಿಸುವ ಹ್ಯಾಂಡಲ್ ಮೊದಲು ಬರಬೇಕು. ಹಳೇ ಕಾರುಗಳಲ್ಲಿ ಹ್ಯಾಂಡಲ್ ಹಿಡಿದಿರುವುದು ಅಡ್ಡ ಪಿನ್ ಇರಬಹುದು, ಕುದುರೆ ಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್ ಇರಬಹುದು. ನಲವತ್ತು ವರ್ಷದಲ್ಲಿ ಎಷ್ಟೋ ಕೈ ಬದಲಾದ ಗಾಡಿಯಲ್ಲಿ ಒಂದು ಬಾಗಿಲಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಇದ್ದರೂ ಆಶ್ಚರ್ಯವಿಲ್ಲ. ಹ್ಯಾಂಡಲ್ ಹಿಂದಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಪ್ಯಾಡ್ ಕಡೆಗೆ ಅದುಮಿ ಟಾರ್ಚ್ ಹಾಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಪಿನ್ ಆದರೆ ಸಣ್ಣ ಪಂಚ್ ಇಟ್ಟು ಮೆಲ್ಲನೆ ತಟ್ಟಿ ಹೊರಗೆ ತಳ್ಳಬೇಕು. ಕ್ಲಿಪ್ ಆದರೆ ಸ್ಕ್ರೂಡ್ರೈವರ್ ತುರುಕುವುದು ಬೇಡ, ರೆಕ್ಸಿನ್ ಹರಿಯುತ್ತದೆ. ಒಂದು ಗಟ್ಟಿ ಹತ್ತಿಬಟ್ಟೆಯ ಪಟ್ಟಿಯನ್ನು ಹ್ಯಾಂಡಲ್ಲಿನ ಹಿಂದೆ ಸಿಕ್ಕಿಸಿ, ಎರಡೂ ತುದಿ ಹಿಡಿದು ಬೂಟಿಗೆ ಪಾಲಿಶ್ ಮಾಡುವ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ಎಳೆಯಿರಿ. ಬಟ್ಟೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಇನ್ನೊಂದು ಕೈ ಅಡ್ಡ ಹಿಡಿಯುವವರು ಪಕ್ಕದಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಆ ಕ್ಲಿಪ್ ಕಾಂಪೌಂಡಿನಲ್ಲಿ ಎಲ್ಲಿ ಬಿತ್ತೆಂದು ಹುಡುಕಬೇಕಾಗುತ್ತದೆ.

ಆರ್ಮ್‌ರೆಸ್ಟ್ ಸ್ಕ್ರೂ ಬಿಚ್ಚಿದ ಮೇಲೆ ಪ್ಯಾಡ್ ಸುತ್ತಲಿನ ಕ್ಲಿಪ್ಪುಗಳಲ್ಲಿ ಮಾತ್ರ ನಿಂತಿರುತ್ತದೆ. ಅಗಲದ ಪುಟ್ಟಿ ಬ್ಲೇಡಿಗೆ ಟೇಪ್ ಸುತ್ತಿ, ಪ್ರತಿ ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಎಬ್ಬಿಸಬೇಕು. ಎರಡು ಕ್ಲಿಪ್ಪುಗಳ ನಡುವೆ ಎಬ್ಬಿಸಿದರೆ ಬೋರ್ಡಿನ ತೂತು ಹರಿದು ಕ್ಲಿಪ್ ಬಾಗಿಲಲ್ಲೇ ಉಳಿಯುತ್ತದೆ. ಕೊಳೆತ ಬೋರ್ಡೇ ಆದರೂ ಇಷ್ಟು ಜಾಗ್ರತೆ ಏಕೆಂದರೆ, ಆ ಬೋರ್ಡೇ ನಿಮ್ಮ ನಕಾಶೆ. ಯಾವ ಬಾಗಿಲಿನದು, ಮೇಲ್ಭಾಗ ಯಾವುದು, ಮುಂದಿನ ಅಂಚು ಯಾವುದು ಎಂದು ಬೆನ್ನಿನ ಮೇಲೆ ಮಾರ್ಕರ್‌ನಲ್ಲಿ ಬರೆದು ಫೋಟೋ ತೆಗೆದಿಟ್ಟೆ. ಎಡ ಬಲ ಎರಡೂ ಒಂದೇ ಅಳತೆ ಇರುತ್ತವೆ ಅಂದುಕೊಳ್ಳಬೇಡಿ.

ನನ್ನ ಗಾಡಿಯ ಪ್ಯಾಡಿಗೆ ಎರಡು ಚರ್ಮ ಇದ್ದವು. ಮೇಲೆ ಯಾರೋ ನಂತರ ಹಾಕಿಸಿದ ಹೂವಿನ ಪ್ರಿಂಟ್ ಇರುವ ತೆಳು ರೆಕ್ಸಿನ್, ಈ ಊರಿನ ಟ್ಯಾಕ್ಸಿಗಳಲ್ಲಿ ಕಾಣುತ್ತಿದ್ದ ಬಗೆಯದು. ಅದರ ಅಡಿಯಲ್ಲಿ ಕಾರ್ಖಾನೆಯದು, ಬಿಸಿಲಿಗೆ ಸುಟ್ಟು ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೋರ್ಡಿನ ಹಿಂಬದಿಗೆ ಮಡಚಿ ಅಂಟಿಸಿದ್ದ ಅಂಚನ್ನು ಕತ್ತಿಯಿಂದ ಮೆಲ್ಲಗೆ ಬಿಡಿಸಿದೆ. ಮಡಿಕೆಯೊಳಗೆ ಬೆಳಕು ಕಾಣದೆ ಉಳಿದ ಬೆರಳಗಲದ ಪಟ್ಟಿಯಲ್ಲಿ ಕಡು ನೀಲಿ ಇತ್ತು. ಸಣ್ಣ ಕಾಳಿನಂಥ ಗ್ರೇನ್ (ಮೇಲ್ಮೈಯ ಅಚ್ಚು), ಹೊಳಪು ಅಷ್ಟಿಲ್ಲ. ಗಾಡಿ ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣ ಅದು. ಆ ಪಟ್ಟಿಯಿಂದ ಅಂಗೈ ಉದ್ದದ ತುಂಡು ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪರ್ಸಿನಲ್ಲಿಟ್ಟುಕೊಂಡೆ. ಹಳೇ ಕಾರು ಸರಿ ಮಾಡುವವರಿಗೆ ಇಷ್ಟು ಮಾತ್ರ ಕೇಳಿಕೊಳ್ಳುತ್ತೇನೆ: ಬಣ್ಣ ಆರಿಸುವ ಮೊದಲು ಮಡಿಕೆ ಬಿಚ್ಚಿ ನೋಡಿ. ಎದುರಿನ ಮುಖ ನೋಡಿ ಆರಿಸಿದರೆ ನೀವು ಕೊಳ್ಳುವುದು ಬಿಸಿಲು ಮಾಡಿದ ಬಣ್ಣ, ಕಾರ್ಖಾನೆ ಕೊಟ್ಟದ್ದಲ್ಲ.

ಬಾಗಿಲೊಳಗಿನ ಮಳೆ

ಕಾರಿನ ಬಾಗಿಲೊಳಗೆ ನೀರು ಬರಲೇಬಾರದು ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಬಾಗಿಲು ನೀರನ್ನು ಒಳಗೆ ಬಿಟ್ಟುಕೊಂಡು ಕೆಳಗಿನಿಂದ ಹೊರಗೆ ಕಳಿಸುವಂತೆಯೇ ಕಟ್ಟಿದ್ದು. ಗಾಜಿನ ಮೇಲೆ ಬಿದ್ದ ಮಳೆ ಹೊರಗಿನ ರಬ್ಬರ್ ಪಟ್ಟಿಯನ್ನು ದಾಟಿ ಸ್ವಲ್ಪವಾದರೂ ಒಳಗಿಳಿಯುತ್ತದೆ. ಇಳಿದದ್ದು ಗಾಜಿನ ಹೊರಮೈ, ಗ್ಲಾಸ್ ಮಷಿನ್, ಹೊರ ತಗಡಿನ ಒಳಬದಿ ಹಿಡಿದು ತಳಕ್ಕೆ ಬಂದು, ಅಲ್ಲಿನ ತೂತುಗಳಿಂದ ರಸ್ತೆಗೆ ಬೀಳುತ್ತದೆ. ಬಾಗಿಲಿನ ಒಳ ತಗಡಿನಲ್ಲಿ ಕೈ ಹಾಕಲು ಬಿಟ್ಟ ದೊಡ್ಡ ಕಿಂಡಿಗಳಿವೆ. ಆ ಕಿಂಡಿಗಳಿಂದ ನೀರು ಸಿಡಿದು ಪ್ಯಾಡಿಗೆ ತಾಗಬಾರದೆಂದು ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು.

ನನ್ನ ಗಾಡಿಯ ಯಾವ ಬಾಗಿಲಲ್ಲೂ ಆ ಹಾಳೆ ಇರಲಿಲ್ಲ. ಯಾರೋ ಗ್ಲಾಸ್ ಮಷಿನ್ ರಿಪೇರಿಗೆ ಬಿಚ್ಚಿದವರು ಕಿತ್ತೆಸೆದಿದ್ದರು. ಗ್ಯಾರೇಜುಗಳಲ್ಲಿ ಇದು ಬಹಳ ಸಾಮಾನ್ಯ. ಹಾಳೆ ಕಾಣುವುದಿಲ್ಲ, ಗಾಡಿ ಓಡಲು ಅದು ಬೇಕಿಲ್ಲ, ಮತ್ತೆ ಅಂಟಿಸಲು ಸಮಯ ಹಿಡಿಯುತ್ತದೆ. ಆದರೆ ಪ್ಯಾಡಿನ ಆಯುಷ್ಯ ನಿಂತಿರುವುದು ಆ ಹಾಳೆಯ ಮೇಲೇ.

ಎರಡನೆಯದು ತಳದ ತೂತು. ಹಿಂದಿನ ಎಡ ಬಾಗಿಲಲ್ಲಿ ಧೂಳು, ಎಲೆಚೂರು, ತುಕ್ಕಿನ ಪುಡಿ ಸೇರಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಗಾಜು ಮೇಲೇರಿಸಿ ಒಂದು ಚೊಂಬು ನೀರನ್ನು ಗಾಜಿನ ಹೊರಮೈಗೆ ನಿಧಾನ ಸುರಿದು ನೋಡಿದೆ. ಒಳಗೆ ಹೋದ ನೀರು ಹೊರಗೆ ಬರಲೇ ಇಲ್ಲ. ಬಾಗಿಲು ಅಲುಗಾಡಿಸಿದರೆ ಒಳಗೆ ಕುಲುಕುವ ಸದ್ದು. ಆ ನೀರಿನ ಆವಿಯಲ್ಲೇ ಬೋರ್ಡು ತಿಂಗಳುಗಟ್ಟಲೆ ನೆನೆದಿರುತ್ತದೆ, ಹನಿ ತಾಗಬೇಕೆಂದೇನೂ ಇಲ್ಲ. ಮರದ ಕಡ್ಡಿಯಿಂದ ತೂತು ಕೆರೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಒಣಗಿದ ಮೇಲೆ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಬಣ್ಣ. ಪ್ರೈಮರ್ ಹೊಡೆಯುವಾಗ ಅದೇ ತೂತಿಗೆ ಬಣ್ಣ ತುಂಬಿ ಮತ್ತೆ ಮುಚ್ಚಿಹೋಗದಂತೆ ಕಡ್ಡಿ ಸಿಕ್ಕಿಸಿಟ್ಟುಕೊಳ್ಳಬೇಕು. ಹೊರಗಿನ ಗ್ಲಾಸ್ ರಬ್ಬರ್ ಗಟ್ಟಿಯಾಗಿ ಗಾಜಿನಿಂದ ದೂರ ಸರಿದಿತ್ತು, ಅದನ್ನು ಹೊಸದು ಹಾಕಿದೆ. ಮುಂದಿನ ಬಾಗಿಲಿನ ತ್ರಿಕೋನ ಗಾಜಿನ ಕೆಳಮೂಲೆಯೂ ಸೋರುವ ಜಾಗ. ಪದ್ಮಿನಿ ಇಟ್ಟುಕೊಂಡವರು ಅಲ್ಲಿ ಚೊಂಬು ಪ್ರಯೋಗ ಮಾಡದೆ ಬಿಡಬೇಡಿ.

ಮಳೆಗಾಲ ಪೂರ್ತಿ ಇದೇ ಕೆಲಸ ನಡೆಯಿತು. ನಿಜ ಹೇಳುವುದಾದರೆ ಮಳೆಗಾಲದಲ್ಲಿ ಮಾಡಬೇಕಾದ ಕೆಲಸವೂ ಇದೇ. ಸೋರುವುದು ಎಲ್ಲಿ ಎಂದು ಮಳೆಯೇ ತೋರಿಸಿಕೊಡುತ್ತದೆ. ಆಯುಧಪೂಜೆಯ ದಿನ ನಮ್ಮ ಗಾಡಿ ಪ್ಯಾಡ್ ಇಲ್ಲದ ಬರೀ ತಗಡಿನ ಬಾಗಿಲುಗಳಲ್ಲೇ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ನಿಂತಿತ್ತು.

ಬೋರ್ಡು ಯಾವುದು

ಕಾರ್ಖಾನೆಯದು ಹಾರ್ಡ್‌ಬೋರ್ಡು. ಮರದ ನಾರನ್ನು ಆವಿಯಲ್ಲಿ ಬಿಡಿಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಾಳೆ. ಒಂದು ಮುಖ ನುಣುಪು, ಇನ್ನೊಂದರಲ್ಲಿ ಜಾಲರಿಯ ಅಚ್ಚು. ಒಣಗಿದ್ದಾಗ ಒಳ್ಳೆಯ ಗಟ್ಟಿ, ಒದ್ದೆಯಾದರೆ ನಾರು ಉಬ್ಬಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಮತ್ತೆ ಒಣಗಿದರೂ ಮೊದಲಿನಂತಾಗುವುದಿಲ್ಲ.

ಇಲ್ಲಿ ಎಲ್ಲರೂ ಕೊಡುವ ಸಲಹೆ ಮರೀನ್ ಪ್ಲೈ. ಐಎಸ್ 710 (ಮರೀನ್ ಪ್ಲೈನ ಭಾರತೀಯ ಮಾನಕ) ಮುದ್ರೆ ಇರುವ ಪ್ಲೈ ನೀರಿಗೆ ಜಗ್ಗುವುದಿಲ್ಲ ಎಂಬುದು ಸರಿಯೇ. ಅದರ ಪದರಗಳನ್ನು ಹಿಡಿದಿರುವ ಫೀನಾಲ್ ರಾಳ ಕುದಿಯುವ ನೀರನ್ನೂ ತಡೆಯುತ್ತದೆ. ನನ್ನ ತಕರಾರು ದಪ್ಪದ್ದು. ಹಳೇ ಬೋರ್ಡು 3 ಮಿ.ಮೀ. ಅದರ ಜಾಗಕ್ಕೆ 4 ಮಿ.ಮೀ. ಪ್ಲೈ, ಮೇಲೆ ಫೋಮು, ಮೇಲೆ ರೆಕ್ಸಿನ್ ಬಂದರೆ ಹ್ಯಾಂಡಲ್ ಕೂರುವ ಗ್ಲಾಸ್ ಮಷಿನ್ನಿನ ಹಲ್ಲುಕಂಬಿ ಅಷ್ಟು ಒಳಗೆ ಹೋಗುತ್ತದೆ, ಹ್ಯಾಂಡಲ್ ಅದರ ಮೇಲೆ ಪೂರ್ತಿ ಕೂರುವುದಿಲ್ಲ. ಕ್ಲಿಪ್ಪಿನ ಕಾಲೂ ತಗಡಿಗೆ ಮುಟ್ಟುವುದಿಲ್ಲ. ಬಾಗಿಲಿನ ಮೈಯ ಸಣ್ಣ ಬಾಗಿಗೂ ಪ್ಲೈ ಹಾರ್ಡ್‌ಬೋರ್ಡಿನಷ್ಟು ಸಲೀಸಾಗಿ ಒಗ್ಗುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹಾಕುವವರೂ ಇದ್ದಾರೆ. ಎಬಿಎಸ್ ಆದರೆ ಗಮ್ಮು ಹಿಡಿಯುತ್ತದೆ, ಪಾಲಿಪ್ರೊಪಿಲೀನ್‌ಗೆ ಮಾಮೂಲು ಗಮ್ಮು ಹಿಡಿಯುವುದೇ ಇಲ್ಲ. ಮರದ ಸಣ್ಣ ನಾರನ್ನು ರಾಳದಲ್ಲಿ ಒತ್ತಿದ ಎಂಡಿಎಫ್ ಹಲಗೆ ಮಾತ್ರ ಯಾರು ಹೇಳಿದರೂ ಬೇಡ, ಒಂದೇ ಮಳೆಗಾಲಕ್ಕೆ ರೊಟ್ಟಿಯಂತೆ ಉಬ್ಬುತ್ತದೆ.

ನಾನು 3 ಮಿ.ಮೀ. ಹಾರ್ಡ್‌ಬೋರ್ಡನ್ನೇ ಹಾಕಿದೆ, ಎಣ್ಣೆ ಹಾಕಿ ಬೇಯಿಸಿದ ಟೆಂಪರ್ಡ್ ಬಗೆಯದು. ಆದರೆ ಹಾಕುವ ಮೊದಲು ಅದಕ್ಕೆ ಪಾಲಿಯುರೆಥೇನ್ ವಾರ್ನಿಶ್ ಕುಡಿಸಿದೆ. ಮೊದಲ ಕೈ ತಿನ್ನರ್ ಬೆರೆಸಿ ತೆಳುವಾಗಿ, ಮೇಲೆ ಎರಡು ಕೈ ಹಾಗೆಯೇ. ಎರಡೂ ಮುಖಕ್ಕೆ ಹಚ್ಚಬೇಕು. ಒಂದೇ ಮುಖಕ್ಕೆ ಹಚ್ಚಿದರೆ ಬಿಟ್ಟ ಮುಖ ಮಾತ್ರ ತೇವ ಎಳೆದು ಹಿಗ್ಗಿ ಬೋರ್ಡು ಬಿಲ್ಲಿನಂತೆ ಬಾಗುತ್ತದೆ. ಅದಕ್ಕಿಂತ ಮುಖ್ಯ ಅಂಚು. ಬೋರ್ಡಿನ ನಾರುಗಳ ಬಾಯಿ ತೆರೆದಿರುವುದು ಕತ್ತರಿಸಿದ ಅಂಚಿನಲ್ಲಿ, ಕೊರೆದ ತೂತಿನ ಒಳಸುತ್ತಿನಲ್ಲಿ. ನೀರು ನುಗ್ಗುವುದೂ ಅಲ್ಲಿಂದಲೇ. ಆದ್ದರಿಂದ ಕತ್ತರಿಸಿ, ತೂತೆಲ್ಲ ಕೊರೆದು, ಎಲ್ಲ ಮುಗಿದ ಮೇಲೆಯೇ ವಾರ್ನಿಶ್. ತೂತುಗಳ ಒಳಗೆ ಕಿವಿ ಕಡ್ಡಿಯಿಂದ ಹಚ್ಚಿದೆ.

ಕತ್ತರಿಸುವ ಅಳತೆಗೆ ಹಳೇ ಬೋರ್ಡು ಅರ್ಧ ಮಾತ್ರ ಸಹಾಯಕ್ಕೆ ಬಂತು, ಕೆಳಗಿನ ಅಂಚೆಲ್ಲ ಉದುರಿಹೋಗಿತ್ತು. ದಪ್ಪ ಡ್ರಾಯಿಂಗ್ ಹಾಳೆಯನ್ನು ನೇರ ಬಾಗಿಲಿಗೇ ಟೇಪಿನಿಂದ ಹಿಡಿಸಿ, ಅಂಚು ಬೆರಳಿನಿಂದ ಒತ್ತಿ ಗುರುತು ಮಾಡಿಕೊಂಡೆ. ಕ್ಲಿಪ್ಪಿನ ತೂತುಗಳ ಸುತ್ತ ತಗಡಿಗೆ ಒದ್ದೆ ಸೀಮೆಸುಣ್ಣ ಹಚ್ಚಿ ಹಾಳೆ ಒತ್ತಿದರೆ ಅಚ್ಚು ಹಾಳೆಗೆ ಬರುತ್ತದೆ. ಬೋರ್ಡನ್ನು ಈ ಗುರುತಿಗಿಂತ ಸುತ್ತಲೂ 2 ಮಿ.ಮೀ. ಒಳಗೆ ಕತ್ತರಿಸಿ, ರೆಕ್ಸಿನ್ ಅಂಚು ಸುತ್ತಿ ಬಂದಾಗ ಆ ಜಾಗ ತುಂಬುತ್ತದೆ. ಬಿಡದಿದ್ದರೆ ಬಾಗಿಲು ಮುಚ್ಚುವಾಗ ಪ್ಯಾಡಿನ ಅಂಚು ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗಿಗೆ ಉಜ್ಜುತ್ತದೆ. ಕತ್ತರಿಸಿದ ಬರೀ ಬೋರ್ಡನ್ನು ಎಲ್ಲ ಕ್ಲಿಪ್ ಹಾಕಿ ಒಮ್ಮೆ ಬಾಗಿಲಿಗೆ ಕೂರಿಸಿ, ಬಾಗಿಲು ತೆಗೆದು ಮುಚ್ಚಿ ನೋಡಲೇಬೇಕು. ಹೊದಿಸಿದ ಮೇಲೆ ತಿದ್ದಲು ಏನೂ ಉಳಿಯುವುದಿಲ್ಲ.

ಕ್ಲಿಪ್ಪಿನ ಬಗ್ಗೆ ಒಂದು ಮಾತು. ಹಳೆಯ ತಂತಿ ಕ್ಲಿಪ್ಪು ತುಕ್ಕು ಹಿಡಿದು ರೆಕ್ಸಿನ್ನಿನ ಎದುರಿಗೂ ಕಂದು ಕಲೆ ಬಿಡುತ್ತದೆ. ಈಗಿನ ಕಾರುಗಳ ನೈಲಾನ್ ಕ್ಲಿಪ್ ಎಲ್ಲ ಕಡೆ ಸಿಗುತ್ತದೆ. ಬಾಗಿಲಿನ ತೂತನ್ನು ವರ್ನಿಯರ್‌ನಲ್ಲಿ ಅಳೆದು, ಆ ಅಳತೆಯ ಕ್ಲಿಪ್ ತನ್ನಿ. ಅಂಗಡಿಯವರು ‘ಎಲ್ಲದಕ್ಕೂ ಆಗುತ್ತೆ’ ಎಂದು ಕೊಟ್ಟದ್ದನ್ನು ನಂಬಬೇಡಿ.

ರೆಕ್ಸಿನ್, ಫೋಮು, ಹೊಲಿಗೆ

ಸೀಟು ಹೊಲಿಯುವ ಕಾಕಾ ವಿಜಯಪುರದ ಕಡೆಯವರು. ಅಂಗಡಿ ಸಾಕಿನಾಕಾದ ಒಂದು ಗಲ್ಲಿಯಲ್ಲಿ. ಚಿಕ್ಕಂದಿನಲ್ಲೇ ಈ ಊರಿಗೆ ಬಂದು ಇದೇ ಕೆಲಸ ಹಿಡಿದವರು. ಅವರ ಕೈಯಲ್ಲಿ ಹಳೇ ರೆಕ್ಸಿನ್ ತುಂಡು ಇಟ್ಟೆ. ತಿರುಗಿಸಿ ಬೆನ್ನು ನೋಡಿದರು, ಉಗುರಿನಿಂದ ಗೀರಿದರು, ಅಂಗಡಿಯ ಹೊರಗೆ ಬಿಸಿಲಿಗೆ ತಂದು ಹಿಡಿದರು.

‘ಇದರ ಬೆನ್ನಿಗೆ ನೇಯ್ದ ಅರಿವಿ ಐತ್ರಿ ಸರ. ಈಗಿನವು ಎಲ್ಲಾ ಹೆಣೆದಿದ್ದು ಇರ್ತಾವು, ಜಗ್ಗಿದರ ಜಗ್ಗತಾವು. ಮೂಲಿ ಸುತ್ತಾಕ ಅದ ಚಲೋ. ಆದರ ನಡುವ ಭಾಳ ಜಗ್ಗಬ್ಯಾಡ್ರಿ, ಬ್ಯಾಸಿಗ್ಯಾಗ ಮತ್ತ ಸಡ್ಲ ಆಗಿ ನೆರಿಗಿ ಬೀಳ್ತೈತಿ.’

‘ಕಾಕಾ, ಒಬ್ಬ ಅಂಗಡಿಯವರು ಪಿಯು ಲೆದರ್ ಹಾಕಿಸಿ, ಮೆತ್ತಗಿರುತ್ತೆ ಅಂದ್ರು.’

‘ಬ್ಯಾಡ್ರಿ. ಅದು ಈ ಊರಾಗ ಬಾಳೂದಿಲ್ಲ. ಸೋಫಾ ನೋಡೀರಿಲ್ರಿ, ಹಪ್ಪಳದಂಗ ಸುಲದು ಬರ್ತಾವು.’

ಕಾಕಾ ಅನುಭವದಿಂದ ಹೇಳಿದ್ದಕ್ಕೆ ರಸಾಯನದ ಕಾರಣವೂ ಇದೆ. ಪಾಲಿಯುರೆಥೇನ್ ಲೇಪದ ಅಗ್ಗದ ಬಗೆಗಳು ಗಾಳಿಯ ತೇವದಿಂದಲೇ ನಿಧಾನ ಒಡೆಯುತ್ತವೆ. ಕಡಲ ಊರಿನ ಸೆಕೆಯಲ್ಲಿ ಅದು ಇನ್ನೂ ಬೇಗ. ಪಿವಿಸಿ ರೆಕ್ಸಿನ್‌ಗೆ ಆ ಕಾಯಿಲೆ ಇಲ್ಲ, ಅದರ ಶತ್ರು ಬಿಸಿಲು. ಪಿವಿಸಿ ತಾನಾಗಿ ಗಟ್ಟಿ ವಸ್ತು, ನೀರಿನ ಪೈಪಿನಷ್ಟು ಗಟ್ಟಿ. ಅದನ್ನು ಮೆತ್ತಗಾಗಿಸುವುದು ಬೆರೆಸಿದ ಪ್ಲಾಸ್ಟಿಸೈಜರ್ ಎಣ್ಣೆ. ಮುಚ್ಚಿದ ಕಾರು ಬಿಸಿಲಲ್ಲಿ ನಿಂತಾಗ ಆ ಎಣ್ಣೆ ಸ್ವಲ್ಪ ಸ್ವಲ್ಪವೇ ಹೊರಬಂದು, ಗಾಜಿನ ಒಳಮೈಯಲ್ಲಿ ಜಿಡ್ಡಿನ ಪೊರೆಯಾಗಿ ಕೂರುತ್ತದೆ. ಎಣ್ಣೆ ಹೋದಷ್ಟೂ ರೆಕ್ಸಿನ್ ಕುಗ್ಗುತ್ತದೆ, ಬಿರಿಯುತ್ತದೆ. ಪ್ಯಾಡಿನ ಮೇಲಿನ ಅಂಚೇ ಮೊದಲು ಸೀಳುವುದು ಇದರಿಂದ, ಬಿಸಿಲು ಬೀಳುವುದು ಅಲ್ಲಿಗೇ. ಕಾರಿಗೆಂದೇ ಮಾಡಿದ ರೆಕ್ಸಿನ್ ಮನೆಯ ಸೋಫಾದ ರೆಕ್ಸಿನ್‌ಗಿಂತ ದುಬಾರಿ ಯಾಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಅದರಲ್ಲಿ ಬೇಗ ಆವಿಯಾಗದ ಎಣ್ಣೆ, ಬಿಸಿಲು ತಡೆಯುವ ಸೇರಿಕೆ ಇರುತ್ತವೆ. ಹಣ ಉಳಿಸುವ ಜಾಗ ಇದಲ್ಲ.

ಕಡು ನೀಲಿ, ಸಣ್ಣ ಗ್ರೇನ್, ಹೊಳಪು ಕಡಿಮೆ. ದಪ್ಪ ಸುಮಾರು 1 ಮಿ.ಮೀ. ಟ್ಯೂಬ್‌ಲೈಟಿನಲ್ಲಿ ಕಪ್ಪಾಗಿ ಕಂಡದ್ದು ಬಿಸಿಲಲ್ಲಿ ನೀಲಿಯಾಗುತ್ತದೆ, ಆದ್ದರಿಂದ ಎಷ್ಟೇ ರಶ್ ಇದ್ದರೂ ಥಾನನ್ನು ಹೊರಗೆ ತಂದು ನೋಡಿ. ನಾಲ್ಕು ಬಾಗಿಲಿಗೂ ಒಂದೇ ಥಾನಿನಿಂದ ಕತ್ತರಿಸಿಕೊಳ್ಳಿ, ಥಾನಿನಿಂದ ಥಾನಿಗೆ ಬಣ್ಣ ಒಂದೆಳೆ ಬೇರೆಯಾಗುತ್ತದೆ. ಮತ್ತು ನಾಲ್ಕರಲ್ಲೂ ಗ್ರೇನಿನ ದಿಕ್ಕು ಒಂದೇ ಇರಬೇಕು.

ಫೋಮು 3 ಮಿ.ಮೀ. ಮುಚ್ಚಿದ ಕಣದ, ನೀರು ಹೀರದ ಇವಿಎ ಬಗೆಯದು. ಸೀಟಿಗೆ ಹಾಕುವ ಸ್ಪಂಜು ನೀರು ಹೀರಿಕೊಂಡು ಕೂರುತ್ತದೆ, ವರ್ಷ ಕಳೆದಂತೆ ಹಿಟ್ಟಾಗಿ ಉದುರುತ್ತದೆ. ಹಳೇ ಪ್ಯಾಡಿನಿಂದ ಕಂದು ಪುಡಿಯಾಗಿ ಸುರಿದದ್ದು ಅದೇ.

ಈಗ ಪಟ್ಟೆಗಳ ವಿಷಯ. ನನ್ನ ಹಳೇ ಪ್ಯಾಡಿನ ನಡುವಿನ ಲಂಬ ಗೆರೆಗಳು ಹೊಲಿದದ್ದಲ್ಲ, ಬೆಸೆದದ್ದು. ರೇಡಿಯೋ ತರಂಗ ಹಾಯಿಸಿ ಪಿವಿಸಿಯನ್ನು ಒಳಗಿನಿಂದಲೇ ಬಿಸಿ ಮಾಡಿ, ಅಚ್ಚಿನಲ್ಲಿ ಒತ್ತಿ ಬೆಸೆಯುವ ಯಂತ್ರದ್ದು. ಇಂಥ ಯಂತ್ರಗಳು ಓಡುವುದು ಹೆಚ್ಚಾಗಿ 27.12 ಮೆಗಾಹರ್ಟ್ಸ್‌ನಲ್ಲಿ. ರೇನ್‌ಕೋಟು, ಫೈಲು ಮಾಡುವ ಕಾರ್ಖಾನೆಗಳಲ್ಲಿ ಇವೇ ಇರುವುದು. ನಾಲ್ಕು ಪ್ಯಾಡಿಗೆ ಲೋಹದ ಅಚ್ಚು ಮಾಡಿಸುವುದು ನಮ್ಮ ಕೈಗೆ ನಿಲುಕದ್ದು. ಇಸ್ತ್ರಿಪೆಟ್ಟಿಗೆಯ ಅಂಚಿನಿಂದ ಗೆರೆ ಒತ್ತಿ ನೋಡುವವರಿದ್ದಾರೆ. ಅದರಲ್ಲಿ ರೆಕ್ಸಿನ್ನಿನ ಗ್ರೇನ್ ಕರಗಿ ಹೊಳೆಯುತ್ತದೆಯೇ ಹೊರತು ಗೆರೆ ನೇರ ಬರುವುದಿಲ್ಲ. ನಾನು ಹೊಲಿಗೆಯನ್ನೇ ಒಪ್ಪಿಕೊಂಡೆ. ಒಂದೇ ಪಟ್ಟು ಹಿಡಿದೆ: ಗೆರೆಗಳ ಅಂತರ, ಅವು ಶುರುವಾಗುವ ಎತ್ತರ, ಮುಗಿಯುವ ಜಾಗ ಹಳೇ ಪ್ಯಾಡಿನದೇ ಇರಬೇಕು. ದೂರದಿಂದ ನೋಡಿದ ಕಣ್ಣಿಗೆ ಪದ್ಮಿನಿ ಎಂದು ಗುರುತು ಸಿಗುವುದು ಆ ಅಂತರದಿಂದ.

ಹೊಲಿಗೆಗೆ 18ನೇ ನಂಬರ್ ಸೂಜಿ, ಬಾಂಡೆಡ್ ಪಾಲಿಯೆಸ್ಟರ್ ದಾರ. ನೈಲಾನ್ ಗಟ್ಟಿಯಾದರೂ ಬಿಸಿಲಿಗೆ ಪಾಲಿಯೆಸ್ಟರ್‌ನಷ್ಟು ತಡೆಯುವುದಿಲ್ಲ. ಹೊಲಿಗೆಯ ಉದ್ದ 4ರಿಂದ 5 ಮಿ.ಮೀ. ಚಿಕ್ಕ ಹೊಲಿಗೆ ಗಟ್ಟಿ ಎಂಬುದು ಬಟ್ಟೆಯ ಲೆಕ್ಕ. ರೆಕ್ಸಿನ್‌ನಲ್ಲಿ ತೂತುಗಳು ಹತ್ತಿರ ಬಂದಷ್ಟೂ ಆ ಸಾಲೇ ಹರಿಯುವ ಗೆರೆಯಾಗುತ್ತದೆ. ಮಷಿನ್ನಿನ ಪಾದ ರೆಕ್ಸಿನ್‌ಗೆ ಅಂಟಿ ಎಳೆಯದಂತೆ ಕಾಕಾ ಗೆರೆಯ ಮೇಲೆ ಒಂದಿಷ್ಟು ಟಾಲ್ಕಂ ಪೌಡರ್ ಸವರಿಕೊಂಡರು. ಗೆರೆ ಎಳೆದದ್ದು ಬಿಳಿ ಪೆನ್ಸಿಲ್‌ನಲ್ಲಿ, ಬಾಲ್‌ಪೆನ್ನು ಎಂದೂ ಮುಟ್ಟಲಿಲ್ಲ. ಬಾಲ್‌ಪೆನ್ನಿನ ಶಾಯಿ ಪಿವಿಸಿಯೊಳಗೆ ಇಳಿದು ತಿಂಗಳ ನಂತರವೂ ಮೇಲೆ ಮೂಡುತ್ತದೆ.

ಸೊಲ್ಯೂಷನ್ ಮತ್ತು ಗಾಳಿಯ ತೇವ

ಈ ಕೆಲಸದಲ್ಲಿ ‘ಸೊಲ್ಯೂಷನ್’ ಎಂದರೆ ಹಳದಿ ಬಣ್ಣದ ರಬ್ಬರ್ ಗಮ್ಮು, ಫೆವಿಕಾಲ್ ಎಸ್‌ಆರ್ 998ರ ಬಗೆಯದು. ಮರಕ್ಕೆ ಹಾಕುವ ಬಿಳಿ ಫೆವಿಕಾಲ್ ಅಲ್ಲ. ಎರಡೂ ಮೈಗೆ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಹಿಡಿಯುವುದು ರಬ್ಬರ್ ರಬ್ಬರಿಗೆ. ಒಳಗಿನ ದ್ರಾವಕ ಪೂರ್ತಿ ಹೋಗುವ ಮೊದಲೇ ಒತ್ತಿದರೆ ಅದು ರೆಕ್ಸಿನ್ ಅಡಿಯಲ್ಲಿ ಸಿಕ್ಕಿಬಿದ್ದು, ಬಿಸಿಲಿಗೆ ಆವಿಯಾಗಿ ಗುಳ್ಳೆ ಏಳುತ್ತದೆ. ಬೆರಳಿನ ಹಿಂಬದಿಯಿಂದ ಮುಟ್ಟಿದರೆ ಅಂಟಿದಂತೆ ಅನಿಸಬೇಕು, ಎತ್ತಿದರೆ ಎಳೆ ಬರಬಾರದು, ಅದೇ ಹದ.  ವಾರ್ನಿಶ್ ಆದ ಬೋರ್ಡಿನ ನುಣುಪು ಮುಖವನ್ನು 80 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ತುಸು ಒರಟು ಮಾಡಿ ಎರಡು ಕೈ ಹಚ್ಚಿದೆ.

ಮಳೆಗಾಲದಲ್ಲಿ ಈ ಗಮ್ಮಿನ ಕೆಲಸ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಜುಲೈ ತಿಂಗಳ ಮುಂಬಯಿಯಲ್ಲಿ ಗಾಳಿಯ ತೇವ ಶೇ. 80ರ ಮೇಲೆಯೇ ಇರುತ್ತದೆ. ದ್ರಾವಕ ಆವಿಯಾಗುವಾಗ ಗಮ್ಮಿನ ಮೈಯಿಂದ ಶಾಖ ಎಳೆದುಕೊಳ್ಳುತ್ತದೆ, ಮೈ ತಣ್ಣಗಾಗುತ್ತದೆ, ಆ ತಣ್ಣನೆ ಮೈಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ. ಓರೆಯಿಂದ ನೋಡಿದರೆ ಬಿಳಿ ಮಬ್ಬು ಕಾಣುತ್ತದೆ. ಅದರ ಮೇಲೆ ಒತ್ತಿದ ರೆಕ್ಸಿನ್ ಆ ದಿನ ಹಿಡಿದಂತೆ ಕಂಡರೂ ನಡುವೆ ನೀರಿನ ಪೊರೆ ಉಳಿದು ಅಂಚಿನಿಂದ ಏಳುತ್ತದೆ. ‘ಗಮ್ಮು ಡುಪ್ಲಿಕೇಟ್’ ಎಂದು ಅಂಗಡಿಯವರನ್ನು ಬೈಯುವವರಲ್ಲಿ ಎಷ್ಟೋ ಜನರ ಕಥೆ ನಿಜದಲ್ಲಿ ಇದೇ. ದಸರಾ ಕಳೆದು, ಅಕ್ಟೋಬರ್ ಹೀಟ್ ಶುರುವಾಗಿ, ಗಾಳಿ ಒಣಗಿದ ಮೇಲೆ, ಮಧ್ಯಾಹ್ನದ ಹೊತ್ತು ನೋಡಿ ಈ ಕೆಲಸ ಹಿಡಿದೆವು. ಗಮ್ಮಿನ ಆವಿಗೆ ಬೆಂಕಿ ಹಿಡಿಯುತ್ತದೆ, ತಲೆಗೂ ಹಿಡಿಯುತ್ತದೆ. ಕಾಕಾರ ಅಂಗಡಿಯಲ್ಲಿ ಬೆಳಗಿನ ಊದುಬತ್ತಿ ಪೂರ್ತಿ ಆರಿದ್ದನ್ನು ನೋಡಿಯೇ ಡಬ್ಬಿ ತೆರೆಯುವುದು. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಕ್ಯಾನಿಸ್ಟರ್ ಇರುವುದು ಬೇಕು. ಬಾಗಿಲು ಕಿಟಕಿ ತೆರೆದಿರಲಿ.

ಹೊದಿಸುವುದು

ಮೊದಲು ಫೋಮು ಬೋರ್ಡಿಗೆ. ಅಂಚಿನಲ್ಲಿ ಫೋಮನ್ನು ಬೋರ್ಡಿನ ಸಮಕ್ಕೇ ಕತ್ತರಿಸಿ ಕತ್ತಿಯಿಂದ ಓರೆ ಮಾಡಿದರೆ ಪ್ಯಾಡಿನ ಅಂಚು ತೆಳುವಾಗಿ ಇಳಿಯುತ್ತದೆ, ದಿಂಬಿನಂತೆ ಕಾಣುವುದಿಲ್ಲ.

ರೆಕ್ಸಿನ್ನಿನ ನಡುಗೆರೆ ಮತ್ತು ಬೋರ್ಡಿನ ನಡುಗೆರೆ ಗುರುತು ಮಾಡಿಕೊಂಡು, ಹೊಲಿದ ಪಟ್ಟೆಗಳು ಲಂಬವಾಗಿ ನಿಂತಿವೆಯೇ ನೋಡಿ, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರುತ್ತ ಹೋಗುವುದು. ಈ ಗಮ್ಮು ತಾಗಿದಲ್ಲೇ ಹಿಡಿಯುತ್ತದೆ, ಸರಿಸಲು ಬಿಡುವುದಿಲ್ಲ. ಅದಕ್ಕೆ ಎರಡರ ನಡುವೆ ಬಟರ್ ಪೇಪರ್ ಹಾಸಿ, ಒಂದೊಂದೇ ಗೇಣು ಹಿಂದಕ್ಕೆ ಎಳೆಯುತ್ತ ಒತ್ತಿದೆವು. ಮೇಲಿನ ಉದ್ದ ಅಂಚು ಮೊದಲು ಹಿಂದಕ್ಕೆ ಮಡಚಿ, ಆಮೇಲೆ ಕೆಳಗಿನದು, ಕೊನೆಗೆ ಪಕ್ಕದವು. ಮಡಿಕೆಗೆ ಎರಡು ಬೆರಳಗಲ ಬಿಟ್ಟರೆ ಸಾಕು, ಹೆಚ್ಚಾದರೆ ಕ್ಲಿಪ್ಪಿನ ಮೇಲೆ ಬರುತ್ತದೆ.

ಕೆಲಸಗಾರನ ಕೈ ತಿಳಿಯುವುದು ಮೂಲೆಯಲ್ಲಿ. ಹೊರಕ್ಕೆ ಉಬ್ಬಿದ ಮೂಲೆಯಲ್ಲಿ ಮಡಿಕೆಯ ರೆಕ್ಸಿನ್ ಹೆಚ್ಚಾಗುತ್ತದೆ, ಅದನ್ನು ಮೂರು ನಾಲ್ಕು ಸಣ್ಣ ವಿ ಆಕಾರದ ತುಂಡು ತೆಗೆದು ಹಂಚಬೇಕು. ಒಳಕ್ಕೆ ಬಾಗಿದ ಕಡೆ ಕಡಿಮೆ ಬೀಳುತ್ತದೆ, ಅಲ್ಲಿ ನೇರ ಸೀಳು ಕೊಡಬೇಕು. ಎರಡರಲ್ಲೂ ಕತ್ತರಿ ಬೋರ್ಡಿನ ಅಂಚಿನಿಂದ 4 ಮಿ.ಮೀ. ದೂರದಲ್ಲೇ ನಿಲ್ಲಬೇಕು. ಮುಂದೆ ಹೋದರೆ ಸೀಳು ಎದುರಿಗೆ ಕಾಣುತ್ತದೆ, ಬಿಸಿಲಿಗೆ ರೆಕ್ಸಿನ್ ಕುಗ್ಗಿದಾಗ ಇನ್ನೂ ಬಾಯಿ ಬಿಡುತ್ತದೆ. ಹೇರ್ ಡ್ರೈಯರ್‌ನಿಂದ ತುಸು ಬಿಸಿ ಮಾಡಿದರೆ ರೆಕ್ಸಿನ್ ಮೂಲೆಗೆ ಒಗ್ಗುತ್ತದೆ. ಹೀಟ್ ಗನ್ ಇದ್ದರೆ ದೂರದಿಂದ ಹಿಡಿಯಿರಿ, ಗ್ರೇನ್ ಮಾಯವಾಗಿ ಹೊಳೆಯತೊಡಗಿದರೆ ಅದು ತಿರುಗಿ ಬರುವುದಿಲ್ಲ. ಕಾಕಾ ಎದುರಿನ ಚಕ್ರದ ಬದಿಯ ಮೂಲೆ ಸುತ್ತಿದ ರೀತಿ ನೋಡಬೇಕಿತ್ತು. ಎಡಗೈ ಹೆಬ್ಬೆರಳಿನಿಂದ ಬಿಸಿ ರೆಕ್ಸಿನ್ನನ್ನು ಮೂಲೆಯ ಮೇಲೆ ಒತ್ತಿ ಹಿಡಿದು, ಬಲಗೈಯಲ್ಲಿ ಮಡಿಕೆಯನ್ನು ಚೂರುಚೂರೇ ಸೇದಿಕೊಳ್ಳುತ್ತ, ತಣ್ಣಗಾಗುವವರೆಗೂ ಹೆಬ್ಬೆರಳು ತೆಗೆಯಲಿಲ್ಲ. ಎದುರಿಗೆ ಒಂದು ಸುಕ್ಕೂ ಇಲ್ಲ.

ಸ್ಟೇಪಲ್ ಹೊಡೆಯಲಿಲ್ಲ. 3 ಮಿ.ಮೀ. ಬೋರ್ಡಿಗೆ ಮಾಮೂಲು ಪಿನ್ ಹೊಡೆದರೆ ತುದಿ ಎದುರಿನ ರೆಕ್ಸಿನ್‌ಗೆ ಬರುತ್ತದೆ, ಬರದಿದ್ದರೂ ತುಕ್ಕಿನ ಕಲೆ ಖಂಡಿತ. ಗಮ್ಮು ಸರಿಯಾಗಿ ಒಣಗಿಸಿ ಒತ್ತಿದರೆ ಪಿನ್ ಬೇಕಾಗುವುದಿಲ್ಲ. ಹ್ಯಾಂಡಲ್ ತೂತುಗಳನ್ನು ಮೊದಲೇ ಕತ್ತರಿಸದೆ, ಪ್ಯಾಡ್ ಬಾಗಿಲಿಗೆ ಕೂತ ಮೇಲೆ ಬೆರಳಿನಿಂದ ಹಲ್ಲುಕಂಬಿ ತಡವಿ, ಸಣ್ಣ ಗುಣಿಸು ಚಿಹ್ನೆಯಾಗಿ ಸೀಳಿದೆ. ಅಲ್ಯೂಮಿನಿಯಂ ಪಟ್ಟಿಗಳ ಹಿಂದಿನ ನಾಲಿಗೆಗಳನ್ನು ಒಂದೇ ಸಲ ಬಗ್ಗಿಸಿ ಬಿಟ್ಟುಬಿಡಬೇಕು. ಹಿಂದೆ ಮುಂದೆ ಆಡಿಸಿದರೆ ಮುರಿಯುತ್ತವೆ, ಅವಕ್ಕೆ ಬದಲಿ ಸಿಗುವುದಿಲ್ಲ.

ಪ್ಯಾಡಿಗೆ ಮೊದಲು ಬಾಗಿಲಿಗೆ ಹೊಸ ಹಾಳೆ. ದಪ್ಪ ಪಾಲಿಥೀನ್, 150 ಮೈಕ್ರಾನ್ ಆಸುಪಾಸಿನದು. ಅಂಟಿಸಲು ಬ್ಯುಟೈಲ್ ಟೇಪ್, ಎಂದರೆ ಮೆತ್ತನೆ ಅಂಟು ರಬ್ಬರಿನ ಪಟ್ಟಿ. ಹುಳಿ ವಾಸನೆ ಬರುವ ಸಿಲಿಕೋನ್ ಹಾಕಬೇಡಿ, ಅದರಿಂದ ಹೊರಡುವ ಅಸಿಟಿಕ್ ಆಮ್ಲ ತಗಡನ್ನು ತಿನ್ನುತ್ತದೆ. ಇದರಲ್ಲಿ ಎಲ್ಲರೂ ತಪ್ಪಿಸುವ ಸಂಗತಿ ಒಂದಿದೆ: ಹಾಳೆಯ ಕೆಳ ತುದಿಯನ್ನು ಒಳ ತಗಡಿನ ಮೇಲೆ ಅಂಟಿಸಬಾರದು, ಅಲ್ಲಿನ ಕಿಂಡಿಯಿಂದ ಬಾಗಿಲಿನ ಒಳಕ್ಕೆ ಇಳಿಬಿಡಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಬಾಗಿಲೊಳಗೇ ಬಿದ್ದು ತಳದ ತೂತಿನಿಂದ ಹೋಗುತ್ತದೆ. ಹೊರಗೆ ಅಂಟಿಸಿದರೆ ಅದೇ ನೀರು ಹಾಳೆಯ ಬುಡದಿಂದ ನೇರ ಬೋರ್ಡಿನ ಕೆಳ ಅಂಚಿಗೆ ಬರುತ್ತದೆ. ಹಾಳೆ ಹಾಕಿ ಮತ್ತೆ ಚೊಂಬಿನಿಂದ ನೀರು ಸುರಿದು, ಒಳ ತಗಡಿಗೆ ಒಣ ಪೇಪರ್ ಅಂಟಿಸಿಟ್ಟು, ಅದು ಒಣಗೇ ಉಳಿದ ಮೇಲೆಯೇ ಪ್ಯಾಡ್ ಕೂರಿಸಿದ್ದು.

ನಾಲ್ಕೂ ಬಾಗಿಲು ಈಗ ಮುಗಿದಿವೆ. ಹಿಂದಿನ ಗಾಜಿನ ಕೆಳಗಿನ ಹಲಗೆ ಬಾಕಿ ಇದೆ. ಅದಕ್ಕೆ ನೀರಿನ ಕಾಟ ಇಲ್ಲ, ಬಿಸಿಲಿನದು ಇನ್ನೂ ಜಾಸ್ತಿ, ಹಾಗಾಗಿ ಗಮ್ಮಿನ ಬಗ್ಗೆ ಬೇರೆಯೇ ಯೋಚನೆ ನಡೆದಿದೆ. ಪ್ಯಾಡ್ ಒರೆಸಲು ಸಾಬೂನು ನೀರು ಹಿಂಡಿದ ಬಟ್ಟೆ ಮಾತ್ರ. ಪೆಟ್ರೋಲ್, ತಿನ್ನರ್ ಮುಟ್ಟಿಸಿದರೆ ರೆಕ್ಸಿನ್ನಿನ ಎಣ್ಣೆಯೇ ಎದ್ದು ಬರುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ತಳದ ತೂತುಗಳಿಗೆ ಕಡ್ಡಿ ಹಾಕುವುದು. ನಾಲ್ಕೂ ಬಾಗಿಲಿನ ಡ್ರಾಯಿಂಗ್ ಹಾಳೆಗಳನ್ನು ಸುತ್ತಿ ಇಟ್ಟಿದ್ದೇನೆ. ಪದ್ಮಿನಿ ಸರಿ ಮಾಡುತ್ತಿರುವವರು ಯಾರು ಕೇಳಿದರೂ ಕೊಡುತ್ತೇನೆ. ಆದರೆ ಕತ್ತರಿ ಹಾಕುವ ಮೊದಲು ನಿಮ್ಮ ಬಾಗಿಲಿಗೆ ಹಿಡಿದು ನೋಡಿಕೊಳ್ಳಿ. ಇಷ್ಟು ವರ್ಷದಲ್ಲಿ ಡೆಂಟಿಂಗ್ ಕಂಡ ಬಾಗಿಲುಗಳು, ಒಂದರಂತೆ ಇನ್ನೊಂದು ಇರುವುದಿಲ್ಲ.